ನಲವತ್ತೊಂದನೆಯ ವೈರು

ಯಂಕಮ್ಮನ ಉಡಿಯಲ್ಲಿ ಒಂದು ಕಲ್ಲು ಉಳಿಯಿತು. ಮತ್ತೆ ಮೊದಲಿನಿಂದ ಎಣಿಸಿದಳು. ಆಗಲೂ ಒಂದು ಉಳಿಯಿತು.

"ಯಾರೂ ಮುಟ್ಟಬ್ಯಾಡ್ರಿ!" ಎಂದು ಚೀರಿದಳು. "ಒಂದು ವೈರ್ ಕಡಿಮಿ ಅದ. ನನ್ನ ಮಗನ್ನ ಕೊಲ್ಲಾಕ ನಿಂತಾನ ಇಂವ!"

ಇಂವ ಎಂದರೆ ಸೈಫುದ್ದೀನ್, ಹೈದರಾಬಾದಿನಿಂದ ಬಂದ ವಿಮಾನದ ಮೆಕ್ಯಾನಿಕ್. ವಿಮಾನ ಓಡಲೆಂದು ಗಬ್ಬೂರಿನ ಹೊರಗೆ ಹೊಲ ಸಪಾಟು ಮಾಡಿ ಮೊರಂ ಮಣ್ಣು ಹೊಡೆಸಿದ್ದರು. ಅದರ ಬದಿಗೆ ತಗಡಿನ ಶೆಡ್ಡು. ಒಳಗೆ ಎರಡೇ ಸೀಟಿನ ಪುಟ್ಟ ವಿಮಾನ, ಹೊರಗೆ ಜಾತ್ರೆಗೆ ಬಂದಷ್ಟು ಜನ. ಪಾಪ, ಸೈಫುದ್ದೀನ್ ಸ್ಕ್ರೂಡ್ರೈವರ್ ಹಿಡಿದು ಬಾಯಿ ತೆರೆದು ನಿಂತುಬಿಟ್ಟ.

ವಿಮಾನ ಯಂಕಮ್ಮನ ಒಬ್ಬನೇ ಮಗ ರೇವಣಸಿದ್ದನದು. ರಾಯಚೂರಿನಲ್ಲಿ ಹತ್ತಿ ಮಿಲ್ಲು ನಡೆಸುವ ಆಸಾಮಿ. ಎರಡು ವರ್ಷ ಹೈದರಾಬಾದಿಗೆ ಹೋಗಿಬಂದು ಮಾಡಿ ವಿಮಾನ ಹಾರಿಸುವುದನ್ನು ಕಲಿತನೆಂದು ಊರಿಗೆಲ್ಲ ಸುದ್ದಿಯಾಯಿತು. ಬಿಳಿ ಅಂಗಿ, ಕರಿ ಕನ್ನಡಕದ ಫೋಟೋ ಮನೆಯ ಗೋಡೆಗೆ ಬಂತು. ದೇವದುರ್ಗದ ಬೀಗರು ಅದನ್ನು ನೋಡಲೆಂದೇ ಬಂದು ಹೋದರು. ಆಮೇಲೆ ಯಾರೋ ಬಳಸಿ ಬಿಟ್ಟ ಈ ವಿಮಾನವನ್ನು ಕೊಂಡ. ರೆಕ್ಕೆ ಬಿಚ್ಚಿಸಿ ಲಾರಿಯಲ್ಲಿ ತರಿಸಿದ. ಹಾರಿಸಿಕೊಂಡೇ ಬರಬಹುದಿತ್ತಲ್ಲ ಎಂದವರಿಗೆ, "ಒಳಗಿನ ಮೀಟರೆಲ್ಲ ಅಜ್ಜನ ಕಾಲದ್ದು. ಹೊಸಾವು ಹಾಕಸೋತನ ಏರಂಗಿಲ್ಲ" ಎಂದ. ಮಗನ ಎಚ್ಚರಿಕೆ ಕಂಡು ಯಂಕಮ್ಮನ ಕಣ್ಣು ತುಂಬಿ ಬಂತು.

ಆಕೆಯ ಗಂಡ ಮುದುಕಪ್ಪನ ಲಾರಿ ಹತ್ತು ವರ್ಷದ ಹಿಂದೆ ಮಾನ್ವಿ ರಸ್ತೆಯಲ್ಲಿ ಪಲ್ಟಿ ಹೊಡೆದು ಅವನು ತೀರಿಕೊಂಡಿದ್ದ. ಹಿಂದಿನ ದಿನ ರಿಪೇರಿ ಮಾಡಿದವನು ಗಾಲಿಗೆ ನಟ್ಟು ಬಿಗಿಯುವುದನ್ನು ಮರೆತಿದ್ದನಂತೆ. ಅಂದಿನಿಂದ ಮೆಕ್ಯಾನಿಕ್ ಎಂದರೆ ಯಂಕಮ್ಮನಿಗೆ ಮೈಯೆಲ್ಲ ಉರಿ.

ಹಾಗಾಗಿ ಸೈಫುದ್ದೀನ್ ಕೆಲಸಕ್ಕೆ ಕೂತ ದಿನದಿಂದ ಆಕೆಯೂ ಎದುರಿಗೆ ಕೂತಳು. ತವರು ಕುರಿ ಕಾಯುವವರ ಮನೆ. ಆಕೆಗೆ ಗೊತ್ತಿದ್ದದ್ದು ಆ ಲೆಕ್ಕ ಒಂದೇ. ಬೆಳಿಗ್ಗೆ ದೊಡ್ಡಿಯಿಂದ ಕುರಿ ಹೊರಬಿದ್ದ ಹಾಗೆ ಒಂದೊಂದು ಕಲ್ಲು ಉಡಿಗೆ. ಸಂಜೆ ಒಳಬಂದ ಹಾಗೆ ಒಂದೊಂದು ನೆಲಕ್ಕೆ. ಕಲ್ಲು ಉಳಿದರೆ ಕುರಿ ತಪ್ಪಿಸಿಕೊಂಡಿದೆ ಎಂದರ್ಥ. ಸೈಫುದ್ದೀನ್ ಬಿಚ್ಚಿದ ವೈರಿಗೊಂದು ಬಿಳಿ ಚೀಟಿ ಅಂಟಿಸಿದಂತೆಲ್ಲ ಆಕೆ ಒಂದು ಕಲ್ಲು ಹಾಕಿಕೊಂಡಳು. ಒಟ್ಟು ನಲವತ್ತೊಂದಾದವು.

ಹದಿನೈದು ದಿನದ ಕೆಲಸ ಎರಡು ತಿಂಗಳು ಎಳೆಯಿತು. ಹಳೆ ಮೀಟರಿನ ಜಾಗಕ್ಕೆ ಬರುವ ಟಿವಿಯಂಥ ಪರದೆ ಒಂದು ಸಾಲದು, ಎರಡು ಹಾಕಿ ಎಂದ ರೇವಣಸಿದ್ದ. ಅದು ಮುಗಿದರೆ ರೇಡಿಯೊ ಬದಲಿಸಿ ಎಂದ. ಎತ್ತರ ತೋರಿಸುವ ಮೀಟರು ಯಾವ ಕಡೆಗಿದ್ದರೆ ನಿಮಗೆ ರೂಢಿ ಎಂದು ಸೈಫುದ್ದೀನ್ ಕೇಳಿದರೆ, "ನಿಮಗ ಎಲ್ಲಿ ಚಲೋ ಕಾಣತದ ಅಲ್ಲಿ ಹಾಕ್ರಿ" ಎಂದುಬಿಡುತ್ತಿದ್ದ. ಇಷ್ಟು ತಕರಾರಿಲ್ಲದ ಮಾಲೀಕರನ್ನು ನಾನು ನೋಡೇ ಇಲ್ಲ ಎಂದು ಸೈಫುದ್ದೀನ್ ಹೊಗಳಿದ.

ನಿನ್ನೆ ಸಂಜೆ ಕೊನೆಯ ವೈರೂ ಜೋಡಿಸಿ ಆಯಿತು, ಕಲ್ಲೆಲ್ಲ ನೆಲಕ್ಕೆ ಬಿದ್ದವು. ಪರದೆಗಳು ನೀಲಿಯಾಗಿ ಹೊತ್ತಿಕೊಂಡವು. ಯಂಕಮ್ಮ ಮಗನನ್ನು ಒಂದು ಮಾತೂ ಕೇಳದೆ ಹಿರೇಕೊಟ್ನೆಕಲ್ಲಿನ, ನೀರಮಾನ್ವಿಯ ನೆಂಟರಿಗೆ ಫೋನು ಹಚ್ಚಿಸಿದಳು. ನಾಳೆ ನನ್ನ ಮಗ ಹಾರುತ್ತಾನೆ, ಬಂದು ನೋಡಿ ಎಂದಳು.

"ಇಷ್ಟು ಲಗೂ ಯಾಕಬೇ ಯವ್ವಾ?" ಎಂದು ನಕ್ಕ ರೇವಣಸಿದ್ದ. ಊಟಕ್ಕೆ ಕೂತವನು ಅರ್ಧ ರೊಟ್ಟಿಗೇ ಎದ್ದ. ಹಾರುವ ಸಡಗರ ಎಂದುಕೊಂಡಳು ತಾಯಿ.

ಇಂದು ಬೆಳಿಗ್ಗೆ ಸೈಫುದ್ದೀನ್ ಸ್ವಿಚ್ ಒತ್ತಿದ. ಪರದೆ ಹೊತ್ತಲಿಲ್ಲ. ಮತ್ತೆ ಒತ್ತಿದ. ಎಲ್ಲ ಕಪ್ಪು.

"ಎಲ್ಲಿ ಬಿಗಡಾಯಿಸ್ಯದೋ ಏನೋ," ಎಂದು ಬೆವರು ಒರೆಸಿಕೊಂಡ. "ಹುಡುಕಾಕ ಎರಡ್ಮೂರು ದಿನ ಬೇಕ್ರಿ ಸಾಹುಕಾರ್ರ."

"ಹಂಗಾರ ಇವತ್ತು ಬ್ಯಾಡ ಬಿಡ್ರಿ. ಮಂದಿಗೆ ನಾ ಹೇಳತೀನಿ," ಎಂದು ರೇವಣಸಿದ್ದ ಬಾಗಿಲ ಕಡೆ ತಿರುಗಿದ್ದ.

ಯಂಕಮ್ಮ ಬಿಡುವ ಪೈಕಿಯೇ! ಪರದೆಯ ಹಿಂದಿನ ಮುಚ್ಚಳ ತೆಗೆಸಿದಳು. ನೆಲದ ಕಲ್ಲು ಆರಿಸಿ ಉಡಿಗೆ ಹಾಕಿಕೊಂಡು, ಒಂದೊಂದೇ ವೈರು ಮುಟ್ಟಿ ಒಂದೊಂದೇ ಕಲ್ಲು ಕೆಳಗೆ ಹಾಕುತ್ತ ಹೋದಳು. ಉಳಿದದ್ದು ಆ ಒಂದು ಕಲ್ಲು.

"ಅಮ್ಮಾ, ಅಲ್ಲಾನ ಆಣಿ, ನಿನ್ನೆ ಎಲ್ಲಾ ನಾನ ಗಟ್ಟಿ ಮಾಡೀನಿ!" ಎಂದ ಸೈಫುದ್ದೀನ್.

"ಮತ್ತ ತಾನ ಬಿಚ್ಚಿಕೊಂತೇನು? ಈ ಶೆಡ್ಡಿಗೆ ಇರೋವು ಎರಡ ಕೀಲಿ. ಒಂದು ನಮ್ಮ ಮನ್ಯಾಗ, ಇನ್ನೊಂದು ನಿನ್ನ ಕಿಸೆದಾಗ!"

ಹಿರೇಕೊಟ್ನೆಕಲ್ಲಿನ ನೆಂಟರಿಬ್ಬರು ಸೈಫುದ್ದೀನನ ಕೊರಳಪಟ್ಟಿಗೆ ಕೈ ಹಾಕಿದರು. ರೇವಣಸಿದ್ದ ನಡುವೆ ನುಗ್ಗಿ ಬಿಡಿಸಿದ. "ಅವರನ್ನ ಮುಟ್ಟಬ್ಯಾಡ್ರಿ. ಅವರದೇನೂ ತಪ್ಪಿಲ್ಲ," ಎಂದ. ಅವನ ಮುಖ ಸುಣ್ಣ ಬಳಿದಂತಾಗಿತ್ತು. ಕೊಲ್ಲಲು ಬಂದವನ ಮೇಲೂ ಕನಿಕರ, ಥೇಟ್ ಅಪ್ಪನ ಗುಣ ಎಂದು ಯಂಕಮ್ಮ ಮರುಗಿದಳು.

ಸೈಫುದ್ದೀನ್ ಪರದೆಯ ಹಿಂದೆ ಕೈ ಹಾಕಿ ತಡಕಾಡಿದ. ಬ್ಯಾಟರಿಯ ವೈರು ಬುಡಸಮೇತ ಕಿತ್ತು ಹಿಂದಕ್ಕೆ ಸಿಕ್ಕಿಸಿದಂತಿತ್ತು. ಎರಡು ನಿಮಿಷದಲ್ಲಿ ಜೋಡಿಸಿದ. ಪರದೆಗಳು ಝಗ್ಗನೆ ಹೊತ್ತಿಕೊಂಡವು. ಹೊರಗೆ ಸಿಳ್ಳೆ, ಕೇಕೆ, ಹಲಗೆಯ ಸದ್ದು. ಜನ ವಿಮಾನವನ್ನು ಬಿಸಿಲಿಗೆ ತಳ್ಳಿದರು.

"ಹತ್ತು ನನ್ನಪ್ಪಾ," ಎಂದಳು ಯಂಕಮ್ಮ, ಮಗನ ಗಲ್ಲ ನೀವಿ. "ಈಗ ಯಾವ ಅಂಜಿಕಿನೂ ಇಲ್ಲ. ನಿಮ್ಮವ್ವ ಎಣಿಸ್ಯಾಳ."

ರೇವಣಸಿದ್ದ ಹತ್ತಲಿಲ್ಲ. ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಆಕೆಯ ಕಿವಿಯ ಹತ್ತಿರ ಬಗ್ಗಿದ.

"ಯವ್ವಾ, ಅದನ್ನ ಕಿತ್ತವ ನಾನ. ನನಗ ವಿಮಾನ ಹಾರಸಾಕ ಬರಂಗಿಲ್ಲ."