ಎಡಗೆನ್ನೆ

ಇಂಚಾನ್ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡಲು ಬಂದವರು ನಿಂತುಬಿಡಬೇಕಾದ ಗಾಜಿನ ಬಾಗಿಲ ಹತ್ತಿರ ಎನೆರೆಲ್ ತನ್ನ ತಾಯಿ ಡೋಲ್ಗೊರ್‌ಳ ಹೆಗಲಿಗೆ ಕೈಚೀಲ ಹಾಕಿ, ಬಗ್ಗಿ, ಬಲಗೆನ್ನೆ ಒಡ್ಡಿದಳು. ಎಡಗೆನ್ನೆ ಒಡ್ಡುವ ಧೈರ್ಯ ಅವಳಿಗಿರಲಿಲ್ಲ. ಹೋದ ತಿಂಗಳು ಇದೇ ನಿಲ್ದಾಣದಲ್ಲಿ ಒಡ್ಡಿ, ಬೇಡ ಅನ್ನಿಸಿಕೊಂಡಿದ್ದಳು.

ಹೊರಟವರ ಒಂದು ಕೆನ್ನೆಯನ್ನು ಮೂಸಿ ಕಳಿಸುವುದು, ಇನ್ನೊಂದನ್ನು ಅವರು ಮರಳಿ ಬರುವ ದಿನಕ್ಕೆ ಉಳಿಸಿಕೊಳ್ಳುವುದು ಡೋಲ್ಗೊರ್ ಹುಟ್ಟಿ ಬೆಳೆದ ಹುಲ್ಲುಗಾವಲಿನ ರೂಢಿ. ಮಗಳು ಮಂಗೋಲಿಯ ಬಿಟ್ಟು ಕೊರಿಯಕ್ಕೆ ಹೊರಟ ದಿನ ಅವಳ ಬಲಗೆನ್ನೆಯನ್ನಷ್ಟೇ ಮೂಸಿದ್ದಳು. ಎಡದ್ದು ಹಾಗೇ ಉಳಿದು ವರ್ಷಗಳೇ ಆದವು. ಈ ಸಲ ಡೋಲ್ಗೊರ್ ವಿಮಾನ ಇಳಿದು ಬಂದಾಗ ಎನೆರೆಲ್ ಓಡಿ ಬಂದು ಚಿಕ್ಕ ಹುಡುಗಿಯ ಹಾಗೆ ಎಡಗೆನ್ನೆ ಕೊಟ್ಟಿದ್ದಳು. ಡೋಲ್ಗೊರ್ ಅವಳ ನೆತ್ತಿ ಮೂಸಿ, ಮುಖವನ್ನು ಮೆಲ್ಲಗೆ ಆಚೆ ಸರಿಸಿದ್ದಳು. "ಅದು ನೀನು ಮನೆಗೆ ಬಂದಾಗ. ಈಗ ಬಂದಿರೋಳು ನಾನು, ನೀನಲ್ಲ."

ಡೋಲ್ಗೊರ್ ಬಂದದ್ದೇ ಮಗಳನ್ನು ಕರೆದುಕೊಂಡು ಹೋಗಲಿಕ್ಕೆ. ಉಲಾನ್‌ಬಾತರ್ ಪೇಟೆಯಲ್ಲೇ ದಾರಿ ತಪ್ಪುವ ಅಮ್ಮ ಒಬ್ಬಳೇ ಸಿಯೋಲ್‌ಗೆ ಹೋಗುತ್ತಾಳಂತೆ ಎಂದು ಮಗ ಗಂಜೊರಿಗ್ ಸಿಕ್ಕವರಿಗೆಲ್ಲ ಹೇಳಿ ನಕ್ಕಿದ್ದ. ನಕ್ಕರೂ, ತಂಗಿ ಬಂದರೆ ಬೇಕಾದೀತೆಂದು ತನ್ನ ಗುಡಾರದ ಪಕ್ಕದಲ್ಲಿ ಇನ್ನೊಂದಕ್ಕೆ ನೆಲ ಹಸನು ಮಾಡಿಟ್ಟಿದ್ದ. ಹುಡುಗಿ ಕಂಡವರ ಮನೆ ಸಾಮಾನು ಹೊರುವ ಕೂಲಿಯಾಗಿದ್ದಾಳೆ, ಬಾಯಿಬಿಟ್ಟು ಹೇಳಲಾರದೆ ಕೊರಗುತ್ತಿದ್ದಾಳೆ ಎಂದೇ ಡೋಲ್ಗೊರ್ ನಂಬಿದ್ದಳು. ಉಪ್ಪು ಹಾಕಿದ ಹಾಲಿನ ಚಹಾ ಕುದಿಸುವಾಗಲೆಲ್ಲ ಅದೇ ಮಾತು ತೆಗೆದಳು. ಎನೆರೆಲ್ ವಾದಕ್ಕಿಳಿಯಲಿಲ್ಲ. ಒಂದು ಬೆಳಿಗ್ಗೆ, ಬಾಯಿಗೆ ಬೀಗ ಹಾಕಿಕೊಂಡು ಕೂರುವುದಾದರೆ ಬಾ ಎಂದು ತಾಯಿಯನ್ನು ಲಾರಿಯ ಮುಂದಿನ ಸೀಟಿಗೆ ಹತ್ತಿಸಿಕೊಂಡು ಕೆಲಸಕ್ಕೆ ಹೊರಟಳು.

ಅಂದು ಕಂಡದ್ದು ಡೋಲ್ಗೊರ್‌ಗೆ ಕಣ್ಣಿಗೆ ಕಟ್ಟಿದಂತಿತ್ತು. ಮೋಡದ ಎತ್ತರದ ಕಿಟಕಿಯೊಂದಕ್ಕೆ ಲಾರಿಯಿಂದ ಯಂತ್ರದ ಏಣಿ ಚಾಚಿ, ಮನೆ ಬದಲಿಸುವವರ ಇಡೀ ಸಂಸಾರದ ಸಾಮಾನನ್ನೇ ಕೆಳಗಿಳಿಸಿದರು. ಗಟ್ಟಿಮುಟ್ಟಾದ ಗಂಡಸರೆಲ್ಲ ಎನೆರೆಲ್ ಬೆರಳು ತೋರಿಸಿದ ಕಡೆ ಓಡುತ್ತಿದ್ದರು. ಕಪಾಟಿಗೆ ಅವಳು ಬಿಗಿದದ್ದು ಅವಳಪ್ಪ ಬದುಕಿದ್ದಾಗ ಒಂಟೆಯ ಮೇಲೆ ಗುಡಾರ ಹೇರಿ ಹಾಕುತ್ತಿದ್ದ ಅದೇ ಗಂಟು. ಅನ್ನದ ಕುಕ್ಕರನ್ನು ಮಾತ್ರ ಯಾರಿಗೂ ಮುಟ್ಟಗೊಡದೆ ತಂದು ತಾಯಿಯ ತೊಡೆಯ ಮೇಲಿಟ್ಟಳು. ಹೊಸ ಮನೆಯೊಳಗೆ ಮೊದಲು ಹೋಗಬೇಕಾದ್ದು ಇದೇ, ನಮ್ಮ ಗುಡಾರಕ್ಕೆ ಒಲೆ ಹೋಗುವ ಹಾಗೆ ಎಂದಳು. ಆ ಮನೆಯ ಮುದುಕಿ ಏನೋ ಅಂದದ್ದಕ್ಕೆ ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಫೋನಿನಲ್ಲಿ ಎಂದೂ ಕೇಳಿಸದ ನಗು. ಯಾರದೋ ಕುಕ್ಕರನ್ನು ತಬ್ಬಿಕೊಂಡು ದಾರಿಯುದ್ದಕ್ಕೂ ಕೂತಿದ್ದ ಡೋಲ್ಗೊರ್ ಆಮೇಲೆ ಮಗಳನ್ನು ವಾಪಸು ಕರೆಯುವ ಮಾತೆತ್ತಲಿಲ್ಲ.

ಇಂದು ಹೊರಡುವಾಗ ಎನೆರೆಲ್ ಪ್ಯಾಕೆಟ್ ಹಾಲನ್ನು ಬಟ್ಟಲಿಗೆ ಸುರಿದುಕೊಂಡು ಬಂದು, ಕಾರು ನಿಂತಿದ್ದ ಕಡೆ ತಾಯಿಯ ದಾರಿಗೆ ಚಮಚದಲ್ಲಿ ಚಿಮುಕಿಸಿದ್ದಳು. ಕಟ್ಟಡದ ಕಾವಲುಗಾರ ಗೊಣಗಿದ. ಅವಳೇ ಅವನ ಕೈಯಿಂದ ಒರೆಸುವ ಕೋಲು ಕಸಿದು ನೆಲ ಒರೆಸಿದಳು. ಪ್ರಯಾಣಕ್ಕೆ ಹೊರಟವರ ದಾರಿಗೆ ಹಾಲು ಚಿಮುಕಿಸುವವಳು ಮನೆಯಲ್ಲಿ ಉಳಿಯುವವಳು. ಕಾರಿನೊಳಗಿಂದ ಡೋಲ್ಗೊರ್ ಅದನ್ನೆಲ್ಲ ನೋಡಿದ್ದಳು.

ಈಗ ಅವಳು ಮಗಳ ಗದ್ದ ಹಿಡಿದಳು. ಬಲಗೆನ್ನೆಯನ್ನು ಆಚೆ ತಿರುಗಿಸಿ, ಎಡಗೆನ್ನೆಗೆ ಮೂಗು ಒತ್ತಿ, ಎದೆ ತುಂಬ ಮೂಸಿದಳು.

ಎನೆರೆಲ್ ಬೆಚ್ಚಿದಳು. "ಯಾಕಮ್ಮ? ಇನ್ನು ನಾನು ಬರೋದೇ ಬೇಡ ಅಂತಾನಾ?"

"ಮನೆ ಸೇರಿದೋಳದ್ದು ಉಳಿಸ್ಕೊಂಡು ನಾನೇನು ಮಾಡ್ಲಿ? ನೀನು ಯಾವತ್ತೋ ಸೇರಿದ್ದೀಯ ಕಣೆ. ನನಗೆ ಗೊತ್ತಾಗಿದ್ದು ತಡ." ಡೋಲ್ಗೊರ್ ತಲೆಯ ವಸ್ತ್ರ ಸರಿಮಾಡಿಕೊಂಡು ತನ್ನ ಮುಖ ಮುಂದೊಡ್ಡಿದಳು. "ಈಗ ಹೊರಟಿರೋಳು ನಾನು. ಮೂಸಿ ಕಳಿಸು. ಒಂದೇ ಕೆನ್ನೆ."

"ಹೆತ್ತೋಳನ್ನ ಮಗಳು ಮೂಸಿ ಕಳಿಸೋದು ಎಲ್ಲಾದ್ರೂ ಉಂಟಾ? ಅದು ದೊಡ್ಡೋರ ಕೆಲ್ಸ."

"ಈ ವಯಸ್ಸಲ್ಲಿ ಒಬ್ಳೇ ವಿಮಾನ ಹತ್ತೋದು ಎಲ್ಲಿತ್ತು? ಬೇಗ ಬಾ, ಹಿಂದಿನೋರು ನೂಕ್ತಿದ್ದಾರೆ."

ಎನೆರೆಲ್ ಬಾಗಿ ತಾಯಿಯ ಬಲಗೆನ್ನೆ ಮೂಸಿದಳು. ತಡೆಯಲಾರದೆ ಎಡಕ್ಕೂ ಬಾಗಿದವಳ ಹಣೆಗೆ ಡೋಲ್ಗೊರ್ ಬೆರಳು ಒತ್ತಿ ನಿಲ್ಲಿಸಿದಳು. "ಅದು ಇರ್ಲಿ. ಬಂದು ತಗೋ. ನಿನಗೆ ಬಿಡುವಾಗ್ದಿದ್ರೆ ನಾನೇ ತಂದುಕೊಡ್ತೀನಿ. ದಾರಿ ಗೊತ್ತಾಯ್ತಲ್ಲ." ತಿರುಗಿ ನೋಡದೆ ಒಳಗೆ ನಡೆದಳು.

ಉಲಾನ್‌ಬಾತರ್‌ನಲ್ಲಿ ಗಂಜೊರಿಗ್ ಜೀಪಿನ ಹಿಂದಿನ ಸೀಟು ಖಾಲಿ ಮಾಡಿಕೊಂಡು ಕಾದಿದ್ದ. ತಾಯಿಯ ಬೆನ್ನ ಹಿಂದೆ ಕಣ್ಣು ಹಾಯಿಸಿ, "ಎನೆರೆಲ್ ಎಲ್ಲಿ?" ಎಂದ.

"ಮನೇಲಿ."

ಅವನಿಗೆ ತಿಳಿಯಲಿಲ್ಲ. ಊರಿಗೆ ಮರಳಿದ ತಾಯಿಯ ಕೆನ್ನೆಗಳಿಗೆ ತನ್ನ ಕೆನ್ನೆ ತಾಗಿಸಲು ಬಾಗಿದ. ಡೋಲ್ಗೊರ್ ಬಲಗೆನ್ನೆ ಕೊಟ್ಟಳು. ಎಡಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಜೀಪು ಪೇಟೆ ದಾಟಿ ಹುಲ್ಲುಗಾವಲಿಗೆ ಇಳಿದ ಮೇಲೂ ಆ ಕೈ ಅಲ್ಲೇ ಇತ್ತು.