ಅದೇ ವಿಳಾಸ

ವಾರಿಜಾ ಗಂಡನ ಮುದುಡಿದ ಕಾಲರನ್ನು ಎಳೆದು ನೆಟ್ಟಗೆ ಮಾಡಿದಳು. "ಒಂದೇ ಮನೇಲಿರೋರ ಥರ ಕಾಣ್ಬೇಕಲ್ರೀ."

ಈ ಪರದೇಶದಲ್ಲಿ ಇಬ್ಬರೂ ಬೇರೆ ಬೇರೆ ಮನೆ ಮಾಡಿ ಎರಡು ವರ್ಷವಾಗಿತ್ತು. ಆದರೆ ಅವಳ ವೀಸಾ ಅವನ ಕೆಲಸದ ಮೇಲೆ ನಿಂತಿದ್ದರಿಂದ, ಮೂರು ತಿಂಗಳಿಗೊಮ್ಮೆ ವಲಸೆ ಕಚೇರಿಗೆ ಜೊತೆಯಾಗಿ ಬಂದು ಒಂದೇ ವಿಳಾಸ ಹೇಳಬೇಕಿತ್ತು.

"ನಿಮ್ಮ ಮುಖ ನೋಡೋ ಶಿಕ್ಷೆ ಇದು," ಎಂದಳು.

"ನಂಗೂ ಒಂದು ರಜೆ ದಂಡ," ಎಂದ ಅವನು, ಅವಳು ತಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಕೌಂಟರಿನ ಅಧಿಕಾರಿ ನಕ್ಕಳು. "ನಿಮ್ಮದು ಯಾವಾಗಲೂ ಅದೇ ವಿಳಾಸ. ಇನ್ನು ನೀವಿಬ್ಬರೂ ಇಲ್ಲಿಗೆ ಬರಬೇಕಾಗಿಲ್ಲ ಮೇಡಂ. ನಿಮ್ಮ ಯಜಮಾನರು ಮೊಬೈಲಿನಲ್ಲೇ ತಿಳಿಸಿದರೆ ಸಾಕು."

ಅವನು ಬಾಯಿ ತೆರೆಯುವ ಮೊದಲೇ ವಾರಿಜಾ ಹೇಳಿದಳು: "ಬೇಡ. ನಾವು ಬರ್ತೀವಿ."