ತಲೆಯೆತ್ತದ ಸಂಜೆ

“ಚೌತಿ ಸಂಜೆ ಆಕಾಶ ನೋಡಿದ್ರಾ ಅಂತ ಕೇಳ್ತಿದೀರಲ್ಲ ಸ್ವಾಮಿ, ನಿಮ್ಮ ಮನೇಲಿ ಹಿರಿಯರು ಯಾರೂ ಇಲ್ವಾ?”

ಅಕ್ಕಯಮ್ಮ ಬಾಗಿಲಿಗೆ ಅಡ್ಡವಾಗಿ ನಿಂತೇ ಕೇಳಿದರು. ವಾಯುಪಡೆಯ ಗುರುತಿನ ಚೀಟಿ ತೋರಿಸಿದರೂ, ಸಮವಸ್ತ್ರವಿಲ್ಲದ ವಿಂಗ್ ಕಮಾಂಡರ್ ರಾಮಸ್ವಾಮಿ ಆಕೆಯ ಕಣ್ಣಿಗೆ ಜನಗಣತಿಯವರಂತೆಯೇ ಕಂಡಿದ್ದರು.

“ಕೇಳೋದು ನನ್ನ ಕೆಲಸ ಅಮ್ಮ. ಮನೇಲಿ ಯಾರೂ ನೋಡ್ಲಿಲ್ವಾ?”

“ಕಿಟಕೀನೂ ಹಾಕ್ಕೊಂಡಿದ್ವಿ. ನಮ್ಮೆಜಮಾನ್ರು ಹಿತ್ತಲಿಗೆ ಹೋಗೋವಾಗ ತಲೆ ಮೇಲೆ ಟವೆಲ್ ಹೊದ್ಕೊಂಡು ಹೋದ್ರು. ಎದುರುಮನೆ ಟೀಚರಮ್ಮ ಏನೋ ಕಂಡೆ ಅಂತಾರಪ್ಪ. ಪಾಪ, ಮೊದಲು ಚೆನ್ನಾಗೇ ಇದ್ರು.”

ರಾಮಸ್ವಾಮಿ ‘ಇಲ್ಲ’ ಎಂದು ಬರೆದುಕೊಂಡರು. ಚಾಮರಾಜಪೇಟೆಯ ಆ ಬೀದಿಯಲ್ಲಿ ಅದು ಹದಿನೆಂಟನೆಯ ‘ಇಲ್ಲ’. ಬೂಟಿನೊಳಗೆ ಕಾಲು ಉರಿಯುತ್ತಿತ್ತು. ನಿವೃತ್ತಿಗೆ ಇನ್ನೆರಡು ವರ್ಷ. ಈ ವಯಸ್ಸಿನಲ್ಲಿ ಮನೆಮನೆಯ ಮೆಟ್ಟಿಲು ಹತ್ತುವುದೆಂದರೆ ಸಾಕಪ್ಪಾ ಸಾಕು ಎನ್ನಿಸಿಬಿಟ್ಟಿತ್ತು.

ಎಲ್ಲಕ್ಕೂ ಕಾರಣ ಒಂದು ಪತ್ರ. ತೊಂಬತ್ತೇಳರ ಚೌತಿಯ ಸಂಜೆ, ಆರೂ ಮುಕ್ಕಾಲಿಗೆ, ಸದ್ದಿಲ್ಲದ ಕಪ್ಪು ತ್ರಿಕೋನವೊಂದು ಬೀದಿಯ ಮೇಲೆ ಹಾದುಹೋಯಿತು, ಅದೇನೆಂದು ದಯವಿಟ್ಟು ತಿಳಿಸಿ ಎಂದು ಒಬ್ಬ ಶಾಲಾ ಶಿಕ್ಷಕಿ ವಾಯುಪಡೆಗೆ ಬರೆದಿದ್ದರು. ವಿಚಾರಣೆಗೆ ಆದೇಶವಾಯಿತು. ಊರಿನವರು, ಭಾಷೆ ಬಲ್ಲವರು ಎಂದು ರಾಮಸ್ವಾಮಿಯವರನ್ನೇ ಕಳಿಸಿದರು.

ಊರಿನವರು ಹೌದು. ತ್ಯಾಗರಾಜನಗರದ ಮನೆಯಲ್ಲಿ ಅವರ ತಂದೆ ಪ್ರತಿ ಚೌತಿಗೂ ಪಡುವಣ ಬಾಗಿಲು ಹಾಕಿ, ದೀಪದ ಮುಂದೆ ಕುಳಿತು ಶಮಂತಕ ಮಣಿಯ ಕಥೆಯನ್ನು ರಾಗವಾಗಿ ಓದುತ್ತಿದ್ದರು. ಕೇಳುತ್ತಾ ಕೇಳುತ್ತಾ ಮಗನಿಗೆ ಪದ್ಯಗಳೆಲ್ಲ ಬಾಯಿಗೆ ಬಂದಿದ್ದವು. ಚೌತಿಯ ಚಂದ್ರನನ್ನು ಕಂಡದ್ದಕ್ಕೆ ಸಾಕ್ಷಾತ್ ಕೃಷ್ಣನಿಗೇ ಮಣಿ ಕದ್ದ ಅಪವಾದ ತಪ್ಪಲಿಲ್ಲ. ಇನ್ನು ನರಮನುಷ್ಯರ ಪಾಡೇನು? ಆ ಸಂಜೆ ಈ ಬೀದಿಗಳಲ್ಲಿ ಕಳ್ಳನೂ ನೆಲ ನೋಡಿಕೊಂಡೇ ನಡೆಯುತ್ತಾನೆ.

ಹತ್ತೊಂಬತ್ತನೆಯ ಮನೆಯ ಬಾಗಿಲು ತೆರೆದೇ ಇತ್ತು. ಪತ್ರ ಬರೆದ ಆಂಡಾಳ್ ಕಾಯುತ್ತಿದ್ದರು. ಐವತ್ತರ ಆಸುಪಾಸು, ಗಂಜಿ ಹಾಕಿದ ಹತ್ತಿ ಸೀರೆ, ನೆಟ್ಟ ನೋಟ. ಕಾಫಿ ಲೋಟ ಮುಂದಿಟ್ಟು, ಕೇಳುವ ಮೊದಲೇ ಶುರುಮಾಡಿದರು.

“ತೆಂಕಣದಿಂದ ಬಂತು ಸಾರ್, ಬಡಗಣಕ್ಕೆ ಹೋಯ್ತು. ಅಕ್ಕಯಮ್ಮನ ತೆಂಗಿನಮರದಿಂದ ಮೂಲೆಮನೆ ನೀರಿನ ಟ್ಯಾಂಕಿನವರೆಗೆ ನಾಲ್ಕು ಸೆಕೆಂಡ್. ದೀಪ ಇಲ್ಲ, ಸದ್ದಿಲ್ಲ. ಮೂರು ಮೂಲೆ.”

ಇಷ್ಟು ಅಚ್ಚುಕಟ್ಟಾಗಿ ತಮ್ಮ ಪೈಲಟ್‌ಗಳೂ ಹೇಳಲಾರರು ಎನ್ನಿಸಿತು ರಾಮಸ್ವಾಮಿಗೆ. ಆ ಯೋಚನೆಯೇ ಅವರನ್ನು ಇನ್ನಷ್ಟು ದಣಿಸಿತು.

“ಚೌತಿ ಸಂಜೆ ತಾರಸಿ ಮೇಲೆ ಯಾಕೆ ಹೋಗಿದ್ರಿ ಮೇಡಂ?”

“ಒಣಗಿಹಾಕಿದ್ದ ಬಟ್ಟೆ ತರೋಕೆ. ನಾವು ಅಯ್ಯಂಗಾರ್ರು ಸಾರ್, ನಮ್ಮ ಮನೇಲಿ ಗಣೇಶನ ಚೌತಿ ಮಾಡಲ್ಲ. ಬೀದಿಗೆಲ್ಲ ನಮ್ಮದೊಂದೇ ಮನೆ.”

ರಾಮಸ್ವಾಮಿಯ ಪೆನ್ನು ನಿಂತಿತು. ಇದು ಅವರಿಗೆ ಹೊಳೆದೇ ಇರಲಿಲ್ಲ.

“ಇಪ್ಪತ್ತಾರು ವರ್ಷ ಗಣಿತ ಹೇಳ್ಕೊಟ್ಟಿದೀನಿ,” ಎಂದರು ಆಂಡಾಳ್. “ಮಾರನೇ ದಿನ ಕ್ಲಾಸಿನಲ್ಲಿ, ನಾನು ಕಂಡದ್ದನ್ನ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅದೇ ತಪ್ಪಾಯ್ತು. ತಲೆ ಕೆಟ್ಟೋರ ಕೈಲಿ ಮಕ್ಕಳನ್ನ ಹೇಗೆ ಬಿಡೋದು ಅಂತ ಹೆತ್ತೋರು ಬಂದು ನಿಂತ್ರು. ಸೋಮವಾರದೊಳಗೆ ನಿಮ್ಮೋರ ಕಾಗದ ತಂದ್ರೆ ಸರಿ, ಇಲ್ಲಾಂದ್ರೆ ರಾಜೀನಾಮೆ ಕೊಡಿ ಅಂದಿದೆ ಶಾಲೆ. ಅದು ಏನು ಅಂತ ಬರೀಬೇಡಿ. ಏನೋ ಇತ್ತು ಅಂತ ಒಂದು ಸಾಲು ಸಾಕು.”

ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

“ನಾನು ಸುಳ್ಳು ಹೇಳ್ತಿದೀನಿ ಅನ್ಸುತ್ತಾ?”

“ಇಲ್ಲಮ್ಮ. ನಂಬ್ತೀನಿ.”

“ನಂಬಿಕೆ ನಿಮ್ಮ ಹತ್ರಾನೇ ಇರ್ಲಿ ಸಾರ್. ಶಾಲೆಗೆ ಬೇಕಾಗಿರೋದು ಬರಹ.”

ರಾಮಸ್ವಾಮಿ ತಲೆ ತಗ್ಗಿಸಿ ಬರೆದರು. ಎದುರು ಕೂತವರ ಹಾಳೆಯನ್ನು ತಲೆಕೆಳಗಾಗಿ ಓದುವುದು ಟೀಚರುಗಳಿಗೆ ಅಭ್ಯಾಸ. ‘ಕಂಡದ್ದು ಚಂದ್ರ. ಮಿಕ್ಕದ್ದು ಭ್ರಮೆ.’ ಆಂಡಾಳ್ ಓದಿದರು.

“ಚಂದ್ರ ಪಡುವಣದಲ್ಲಿತ್ತು,” ಎಂದರು, ಲೆಕ್ಕ ತಪ್ಪಿಸಿದ ವಿದ್ಯಾರ್ಥಿಗೆ ಹೇಳುವಂತೆ. “ಚೌತಿ ಚಂದ್ರನ್ನ ನೋಡಿದ್ರೆ ಅಪವಾದ ಬರುತ್ತೆ ಅಂತಾರೆ ಇವರೆಲ್ಲ. ನಾನು ನಗ್ತಿದ್ದೆ. ಬಂತು ನೋಡಿ.”

“ಮಣಿ ಸಿಕ್ಕಿದ್ರೆ ಅಪವಾದ ಕಳೆಯುತ್ತಮ್ಮ.” ಬಾಲ್ಯದಿಂದ ಕೇಳಿದ ಕಥೆ, ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

“ಎಲ್ಲಿದೆ ಅಂತ ಗೊತ್ತಿರೋರು ಬಾಯಿ ಬಿಡಬೇಕಲ್ಲ.”

ರಾಮಸ್ವಾಮಿ ಎದ್ದು ಕೈಮುಗಿದರು. ಆಂಡಾಳ್ ಮುಗಿಯಲಿಲ್ಲ. ಮುಟ್ಟದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.

ಶನಿವಾರ ವರದಿಯ ಪ್ರತಿ ಶಾಲೆಗೆ ತಲುಪಿತು. ಸೋಮವಾರ ಒಂಬತ್ತನೆಯ ತರಗತಿಗೆ ಬೇರೊಬ್ಬರು ಗಣಿತ ತೆಗೆದುಕೊಂಡರು. ಅದೇ ಮಧ್ಯಾಹ್ನ ಮೇಲಧಿಕಾರಿ ರಾಮಸ್ವಾಮಿಯವರನ್ನು ತಮ್ಮ ಕೋಣೆಗೆ ಕರೆಸಿ, ಬಾಗಿಲು ಹಾಕಲು ಹೇಳಿ, ವರದಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

“ಇಡೀ ಬೀದೀಲಿ ಕಂಡೋರು ಒಬ್ಬರೇನಾ?”

“ಒಬ್ಬರೇ ಸಾರ್. ಅವರನ್ನ ಇನ್ನು ಯಾರೂ ನಂಬಲ್ಲ.”

“ಹಾಗಿದ್ರೆ ನೀವು ಆರಿಸಿಕೊಟ್ಟ ದಿನ ಸರಿಯಾಗೇ ಇತ್ತು ರಾಮಸ್ವಾಮಿ,” ಎಂದು ಅವರು ಕಡತ ಮುಚ್ಚಿದರು. “ನಮ್ಮ ವಿಮಾನಾನ ಮುಂದಿನ ವರ್ಷಾನೂ ಚೌತಿ ಸಂಜೆಯೇ ಹಾರಿಸೋಣ.”